ಬಂದವರ ಸಂಗಡ ಒಂದು ಲೋಟ ಚಹಾ

"ನಾನು ಊಟ ಮಾಡೋದೇ ಇಷ್ಟು. ಆದ್ರೂ ತೂಕ ಇಳಿಯೋದಿಲ್ಲ."

ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಿಂದ ಊಟ, ತೂಕದ ಸಲಹೆಗೆ ನನ್ನ ಹತ್ತಿರ ಬರುವ ಹೆಂಗಸರಲ್ಲಿ ಈ ಮಾತು ಹೇಳದವರು ಕಡಿಮೆ. ಹೇಳುವಾಗ ಅಂಗೈ ಗುಳಿ ಮಾಡಿ ಅನ್ನದ ಅಳತೆ ತೋರಿಸುತ್ತಾರೆ. ಮನೆಯವರು ನಂಬುವುದಿಲ್ಲ. ಕದ್ದು ತಿನ್ನುತ್ತಾಳೆ ಎಂದು ನಗುತ್ತಾರೆ. ನಾನು ನಂಬುತ್ತೇನೆ. ಅವರು ಹೇಳುವುದು ಊಟದ ಲೆಕ್ಕ, ಅದು ಸರಿಯಾಗಿಯೇ ಇರುತ್ತದೆ. ಊಟದ ಹೊರಗೆ ಏನು ಹೋಯಿತು ಅಂತ ಅವರನ್ನು ಯಾರೂ ಸರಿಯಾಗಿ ಕೇಳಿರುವುದಿಲ್ಲ. ಈ ಒಂದು ಕಾರಣಕ್ಕೆ ಎಷ್ಟು ಜನ ತಮ್ಮನ್ನು ತಾವೇ ಬೈದುಕೊಂಡು ಕೂತಿದ್ದಾರೆ ಎಂದು ನೆನೆದರೆ ಬೇಜಾರಾಗುತ್ತದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ಅವರನ್ನು ಗಂಗಕ್ಕ ಎನ್ನುತ್ತೇನೆ. ಹೆಸರು, ಗುರುತಾಗುವ ವಿವರ ಎಲ್ಲ ಬದಲಿಸಿದ್ದೇನೆ. ವಯಸ್ಸು ಐವತ್ತು ದಾಟಿದೆ. ಅಡಿಕೆ ತೋಟದ ಮನೆ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಎಚ್‌ಬಿಎ1ಸಿ ಪರೀಕ್ಷೆಯಲ್ಲಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಎಂದು ಅರ್ಥ. ಥೈರಾಯ್ಡ್ ಸರಿ ಇತ್ತು. ಮಗ ದುಡ್ಡು ಕೊಟ್ಟು ಮೊಬೈಲಿನಲ್ಲಿ ಒಂದು ಡಯಟ್ ಪಟ್ಟಿ ತರಿಸಿದ್ದ. ಓಟ್ಸು, ಬ್ರೊಕೋಲಿ, ರಾತ್ರಿ ಊಟ ಬಂದ್. ಬ್ರೊಕೋಲಿಯನ್ನು ಅವರು ಹುಡುಕಲೂ ಹೋಗಲಿಲ್ಲ. ರಾತ್ರಿ ಊಟ ಮಾತ್ರ ಬಿಟ್ಟರು. ದಿನಾ ಬೆಳಿಗ್ಗೆ ತೂಕದ ಯಂತ್ರ ಹತ್ತಿ ಅಳುತ್ತಿದ್ದರು. ಡಾಕ್ಟರು ನನ್ನ ಹತ್ತಿರ ಕಳಿಸಿದ್ದು ಆ ಅಳುವಿಗಾಗಿ.

ಮೊದಲ ಭೇಟಿಗಳಲ್ಲಿ ಏನು ತಿಂದಿರಿ ಎಂದು ಕೇಳಿದಾಗೆಲ್ಲ ಅವರು ತಲೆ ತಗ್ಗಿಸುತ್ತಿದ್ದರು. ಉತ್ತರ ಪರೀಕ್ಷೆಗೆ ಬಾಯಿಪಾಠ ಮಾಡಿಕೊಂಡು ಬಂದಂತೆ ಇರುತ್ತಿತ್ತು. ಹಾಗಾಗಿ ಒಂದು ದಿನ ಊಟದ ಮಾತೇ ಎತ್ತಲಿಲ್ಲ. "ಅಕ್ಕಾ, ನಿನ್ನೆ ನಿಮ್ಮ ಮನೆಗೆ ಯಾರ್ಯಾರು ಬಂದಿದ್ದರು?" ಎಂದು ಕೇಳಿದೆ.

ಅವರ ಮುಖವೇ ಬದಲಾಯಿತು. ಅದು ಅಡಿಕೆ ಕೊಯ್ಲಿನ ಕಾಲ. ಬೆಳಿಗ್ಗೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಮತ್ತು ಅವನ ಜೊತೆ ಕೆಳಗೆ ಹಗ್ಗ ಹಿಡಿಯುವವ. ಡೇರಿಗೆ ಹಾಲು ಒಯ್ಯುವ ಹುಡುಗ. ಪಕ್ಕದ ಮನೆ ಅತ್ತಿಗೆ. ಮಧ್ಯಾಹ್ನದ ಮೇಲೆ ಮದುವೆ ಕಾಗದ ಕೊಡಲು ಬಂದ ಗಂಡ ಹೆಂಡತಿ. ಸಂಜೆ ಅಡಿಕೆ ಸುಲಿಯುವ ಹೆಂಗಸರು, ಅವರಿಗೆ ಎರಡು ಸಲ. ಹೇಳುತ್ತಾ ಹೇಳುತ್ತಾ ಯಾರ ಮಗಳ ಮದುವೆ, ಯಾರ ಎಮ್ಮೆ ಕರು ಹಾಕಿತು, ಎಲ್ಲ ಬಂತು.

"ಅವರಿಗೆಲ್ಲ ಎಂತ ಕೊಟ್ರಿ?"

"ಚಹಾ. ಕಾಗದ ಕೊಡ್ಲಿಕ್ಕೆ ಬಂದವ್ರಿಗೆ ಅವಲಕ್ಕಿನೂ ಕಲಸಿದ್ದೆ. ಸುಲಿಯೋರಿಗೆ ಬಾಳೆಕಾಯಿ ಚಿಪ್ಸು."

"ನೀವು?"

"ನಾನು ಎಂತ... ಸಂಗಡಕ್ಕೆ ಅಂತ ಒಂದು ಲೋಟ ಹಿಡ್ಕೊಂಡು ಕೂರ್ತೇನೆ. ಅದು ತಿಂದ ಲೆಕ್ಕ ಅಲ್ಲವಲ್ಲ."

ಇಬ್ಬರೂ ಕೂತು ಕಾಗದದಲ್ಲಿ ಬರೆದೆವು. ಮನೆಯ ಎರಡು ಚಹಾ ಸೇರಿ ಎಂಟು ಲೋಟ. ಲೋಟಕ್ಕೆ ಎರಡು ಚಮಚ ಸಕ್ಕರೆ, ಅಂದರೆ ಕಡಿಮೆ ಹಿಡಿದರೂ 8 ಗ್ರಾಂ. ಒಟ್ಟು 64 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಪ್ರಕಾರ ದಿನದ ಸಕ್ಕರೆ 50 ಗ್ರಾಂ ಒಳಗೆ ಇರಬೇಕು, 25 ಗ್ರಾಂಗೆ ಇಳಿದರೆ ಇನ್ನೂ ಒಳ್ಳೆಯದು. ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಬರೀ ಚಹಾದ ಸಕ್ಕರೆಯಿಂದಲೇ 250 ದಾಟಿತು. ಎಣ್ಣೆಯಲ್ಲಿ ಕರಿದ ಚಿಪ್ಸು ಒಂದು ಮುಷ್ಟಿಗೆ ಸುಮಾರು 150. ರಾತ್ರಿ ಊಟ ಬಿಟ್ಟು ಉಳಿಸಿದ್ದೆಲ್ಲ ಜಗಲಿಯಲ್ಲಿ ಖರ್ಚಾಗುತ್ತಿತ್ತು.

ಅವರು ಕಾಗದವನ್ನು ನೋಡುತ್ತಾ ಸುಮ್ಮನೆ ಕೂತರು. ಆಮೇಲೆ ಹೇಳಿದರು: "ಹಾಗಾದ್ರೆ ಬಂದವ್ರ ಕೈಗೆ ಲೋಟ ಕೊಟ್ಟು ನಾನು ಬರಿಗೈಲಿ ನಿಂತುಕೊಳ್ಳೋದಾ ಮೇಡಂ? ಬೇಗ ಕುಡಿದು ಎದ್ದು ಹೋಗಿ ಅಂದ ಹಾಗೆ ಆಗ್ತದೆ. ಇವರು ದಿನವಿಡೀ ತೋಟದಲ್ಲಿ. ಮಕ್ಕಳು ಬರೋದು ಹಬ್ಬಕ್ಕೆ. ಬರೋರೂ ಬರದೇ ಹೋದ್ರೆ ನಾನು ಯಾರ ಹತ್ರ ಮಾತಾಡಲಿ?"

ಈ ಮಾತು ಕೇಳಿದ ಮೇಲೆ ಚಹಾ ಬಿಡಿ ಎಂದು ಹೇಳುವ ಮನಸ್ಸು ನನಗೆ ಬರಲಿಲ್ಲ. ಆ ಲೋಟ ಅವರಿಗೆ ಮಾತಿನ ನೆಪ. ಆಸರಿಗೆ, ಅಂದರೆ ಬಾಯಾರಿಕೆಗೆ, ಎಂತ ಬೇಕು ಎಂದು ಕೇಳದೆ ಯಾರನ್ನೂ ಕಳಿಸದ ಮನೆ ಅದು. ಅಲ್ಲಿ ಮನೆಯೊಡತಿ ಬರಿಗೈಲಿ ಕೂರುವುದು ಅಂದರೆ ತಾನು ಬೇರೆ, ಬಂದವರು ಬೇರೆ ಎಂದ ಹಾಗೆ. ಇದನ್ನು ಕಿತ್ತುಕೊಂಡರೆ ಒಂದು ವಾರ ನಡೆದೀತು. ಆಮೇಲೆ ಅವರು ಚಹಾಕ್ಕೆ ಮರಳುತ್ತಾರೆ, ಜೊತೆಗೆ "ನನ್ನ ಕೈಲಿ ಇಷ್ಟೂ ಆಗಲಿಲ್ಲ" ಎಂಬ ನೋವು ಬೇರೆ. ಹೀಗೆ ಆದವರನ್ನು ನಾನು ತುಂಬಾ ನೋಡಿದ್ದೇನೆ.

ಹಾಗಾಗಿ ಲೋಟ ಕೈಯಲ್ಲೇ ಇರಲಿ, ಒಳಗಿನದು ಬದಲಾಗಲಿ ಎಂದೆ. ಬೆಳಿಗ್ಗೆ ಒಂದು, ಸಂಜೆ ಒಂದು ನಿಜವಾದ ಚಹಾ, ಚಿಕ್ಕ ಲೋಟದಲ್ಲಿ, ಒಂದು ಚಮಚ ಸಕ್ಕರೆ ಹಾಕಿ. ಉಳಿದ ಹೊತ್ತು ಬಂದವರಿಗೆ ಚಹಾ, ಗಂಗಕ್ಕನಿಗೆ ಶುಂಠಿ ಕರಿಬೇವು ಹಾಕಿದ ನೀರು ಮಜ್ಜಿಗೆ. ಇಲ್ಲದಿದ್ದರೆ ಒಣ ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿಗೆ ಜೀರಿಗೆ, ಚಿಟಿಕೆ ಉಪ್ಪು. ಚಳಿಯಿದ್ದರೆ ಕೊತ್ತಂಬರಿ ಜೀರಿಗೆ ಕಷಾಯ, ಬೆಲ್ಲ ಇಲ್ಲದೆ. ಬೆಲ್ಲದ ಬಗ್ಗೆ ನಮ್ಮ ಕಡೆ ಒಂದು ತಪ್ಪು ನಂಬಿಕೆ ಇದೆ. ಮನೆಯ ಜೋನಿ (ನೀರು) ಬೆಲ್ಲ, ಅದರಿಂದ ಎಂತ ಆಗೂದಿಲ್ಲ ಅನ್ನುತ್ತಾರೆ. ರಕ್ತಕ್ಕೆ ಸೇರಿದ ಮೇಲೆ ಅದೂ ಸಕ್ಕರೆಯೇ.

ಚಹಾಕ್ಕೆ ಸಕ್ಕರೆ ಮೊದಲೇ ಹಾಕದೆ ಬೇರೆ ಡಬ್ಬಿಯಲ್ಲಿ ಇಡಲು ಹೇಳಿದೆ. ಇದರಿಂದ ಆದ ಒಳ್ಳೆಯದು ನಾನು ಎಣಿಸಿದ್ದಕ್ಕಿಂತ ದೊಡ್ಡದು. ಪಕ್ಕದ ಮನೆ ಅತ್ತಿಗೆಗೂ ಸಕ್ಕರೆ ಕಾಯಿಲೆ ಇತ್ತಂತೆ. ಬೇಡ ಅನ್ನಲು ಸಂಕೋಚ ಪಟ್ಟು ಇಷ್ಟು ದಿನ ಸಿಹಿ ಚಹಾವನ್ನೇ ಕುಡಿಯುತ್ತಿದ್ದರಂತೆ. ಚಿಪ್ಸಿನ ಡಬ್ಬ ಎಲ್ಲರ ನಡುವೆ ಇಡುವುದು ಬಿಟ್ಟು, ಬಂದವರಿಗೆ ಮಾತ್ರ ತಟ್ಟೆಗೆ ಹಾಕಿ ಕೊಟ್ಟು ಡಬ್ಬ ಒಳಗಿಡುವುದು.

ರಾತ್ರಿ ಊಟ ಶುರು ಮಾಡಿಸಿದೆ. ಮಗನಿಗೆ ಸಿಟ್ಟು ಬಂದದ್ದು ಇಲ್ಲಿ. ಫೋನ್ ಮಾಡಿದ. "ಮೇಡಂ, ಊಟ ಶುರು ಮಾಡಿಸಿ ತೂಕ ಇಳಿಸ್ತೀರಾ? ಚಹಾನೂ ಬಿಡಿಸಿಲ್ಲ!" ಅವನ ಕಾಳಜಿ ನಿಜ, ಅಮ್ಮನ ಮೇಲೆ ಪ್ರೀತಿಯೂ ಇದೆ. ಆದರೂ ನನ್ನ ಮಾತು ನಾನು ಬಿಡಲಿಲ್ಲ. ರಾತ್ರಿ ಹಸಿದು ಮಲಗಿದವರು ಮರುದಿನ ಸಂಜೆ ಚಿಪ್ಸಿನ ಡಬ್ಬಕ್ಕೆ ಕೈ ಹಾಕದೆ ಇರಲಾರರು. ಅದನ್ನು ಮನಸ್ಸಿನ ಗಟ್ಟಿತನದ ಕೊರತೆ ಎಂದು ಕರೆಯುವುದು ಅನ್ಯಾಯ. ಎಂಟು ಗಂಟೆಯೊಳಗೆ ಊಟ. ತಟ್ಟೆಯ ಅರ್ಧ ಬಸಳೆಯೋ ಹರಿವೆಯೋ ಸೌತೆಯೋ, ಕಾಲು ಭಾಗ ಅನ್ನ, ಇನ್ನೊಂದು ಕಾಲು ಹೆಸರುಕಾಳು ಅಥವಾ ಕಡಲೆ. ಜೊತೆಗೆ ಒಂದೆಲಗದ ತಂಬಳಿ. ನಮ್ಮ ಅಡುಗೆಮನೆಯಲ್ಲಿ ಸೊಪ್ಪು, ಮಜ್ಜಿಗೆ ಇಷ್ಟೊಂದು ಇರುವಾಗ ಓಟ್ಸು ಯಾಕೆ ಬೇಕು? ಕಾಳು ಮಾತ್ರ ನಮ್ಮಲ್ಲಿ ಕಡಿಮೆ ಬಿತ್ತು, ಅದನ್ನು ಸ್ವಲ್ಪ ಜಾಸ್ತಿ ಮಾಡಬೇಕು.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಡೆಯುವುದು. ಉಂಡ ಕೂಡಲೆ ಕಾಲಿನ ಸ್ನಾಯು ಕೆಲಸ ಮಾಡಿದರೆ ರಕ್ತದ ಸಕ್ಕರೆ ಅಲ್ಲಿಗೆ ಹೋಗುತ್ತದೆ. ತೂಕ ವಾರಕ್ಕೆ ಒಂದೇ ಸಲ ನೋಡುವುದು. ನೀರು, ಉಪ್ಪಿನಿಂದಲೇ ದಿನಕ್ಕೆ ಒಂದು ಕಿಲೋ ಆಚೀಚೆ ಆಗಬಹುದು, ಅದಕ್ಕೆ ಅಳುವುದು ಯಾಕೆ? ಬದಲಿಗೆ ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ ಎಂದೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಎಂಬ ಮಿತಿ ಇದೆ.

ತೂಕ ತುಂಬಾ ಇಳಿಯಬೇಕು ಎಂಬ ಹಟವೂ ಬೇಡ ಎಂದು ಮಗನಿಗೆ ಹೇಳಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹೊಸ್ತಿಲಲ್ಲಿ ಇದ್ದವರಿಗೆ ಎರಡೇ ಗುರಿ ಕೊಟ್ಟಿದ್ದರು. ತೂಕದಲ್ಲಿ ನೂರಕ್ಕೆ 7 ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಆ ದಾರಿ ಹಿಡಿದವರಲ್ಲಿ ಸಕ್ಕರೆ ಕಾಯಿಲೆಗೆ ಜಾರುವ ಅಪಾಯ ನೂರಕ್ಕೆ 58ರಷ್ಟು ಇಳಿಯಿತು. ಗಂಗಕ್ಕನ ತೂಕಕ್ಕೆ ಅದು ಐದು ಕಿಲೋ. ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತು, ಅಳತೆ ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ 5.9 ಆಗಿತ್ತು. ತೂಕ ಇಳಿದದ್ದು ಎರಡೂವರೆ ಕಿಲೋ. ಮಗನಿಗೆ ಇದು ಸಾಲದು. ನನಗೆ ಸಾಕು. ಅವರು ಅಳದೆ ಯಂತ್ರ ಹತ್ತುತ್ತಿದ್ದಾರೆ.

ಈಗ ಶಿರಸಿ ಮಾರಿಕಾಂಬಾ ಜಾತ್ರೆಯ ಚಿಂತೆ ಅವರಿಗೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬಾ ನೆಂಟರು. "ಆ ವಾರ ಎಂತ ಮಾಡೋದು ಮೇಡಂ?" ಎಂದು ಮೊನ್ನೆ ಕೇಳಿದರು. ಆ ವಾರ ತೂಕ ನೋಡಲೇಬೇಡಿ, ಎಲ್ಲರ ಜೊತೆ ಪಂಕ್ತಿಯಲ್ಲೇ ಕೂತು ಉಣ್ಣಿ, ಬಡಿಸಿ ಮುಗಿಸಿ ಮೂರು ಗಂಟೆಗೆ ಒಬ್ಬರೇ ಕೂರಬೇಡಿ ಎಂದೆ. ಬಡಿಸುವ ಕೆಲಸಕ್ಕೆ ಈ ಸಲ ಮಗ ಬರುತ್ತಾನಂತೆ.