ಸತು ಆಮ್ಲದಲ್ಲಿ ಗುಳ್ಳೆ ಬಿಡುತ್ತದೆ, ತಣ್ಣೀರಿನಲ್ಲಿ ಏಕಿಲ್ಲ?

ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗುಳ್ಳೆ ಬಿಡುವ ಸತುವಿನ ಚೂರು ತಣ್ಣೀರಿನಲ್ಲಿ ಸುಮ್ಮನಿರುವುದೇಕೆ, ತಾಮ್ರ ಎರಡರಲ್ಲೂ ಸುಮ್ಮನಿರುವುದೇಕೆ ಎಂಬುದು ಪ್ರಶ್ನೆ.

ಆ ಗುಳ್ಳೆಗಳಲ್ಲಿರುವುದು ಹೈಡ್ರೋಜನ್. ಸತುವಿನ ಪ್ರತಿ ಪರಮಾಣುವೂ ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ಅಯಾನಾಗಿ (ವಿದ್ಯುದಾವೇಶವುಳ್ಳ ಕಣವಾಗಿ) ದ್ರಾವಣಕ್ಕಿಳಿಯುತ್ತದೆ. ಆ ಎಲೆಕ್ಟ್ರಾನ್‌ಗಳನ್ನು ಪಡೆದ, ಆಮ್ಲದ ಎರಡು ಹೈಡ್ರೋಜನ್ ಅಯಾನುಗಳು ಕೂಡಿ ಅನಿಲದ ಒಂದು ಅಣುವಾಗುತ್ತವೆ. ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ ಆ ಅನಿಲ ‘ಪಾಪ್’ ಎಂದು ಸದ್ದುಮಾಡಿ ಉರಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನಲ್ಲಿರುವುದಕ್ಕಿಂತ ಸುಮಾರು 1 ಕೋಟಿ ಪಟ್ಟು ಹೆಚ್ಚು ಹೈಡ್ರೋಜನ್ ಅಯಾನುಗಳು 1 ಮೋಲಾರ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುತ್ತವೆ. ಜೊತೆಗೆ, ನೀರಿನಲ್ಲಿ ಸತುವನ್ನು ಕಾಯುವ ತೆಳು ಆಕ್ಸೈಡ್ ಪದರವನ್ನು ಆಮ್ಲ ಕರಗಿಸಿಬಿಡುತ್ತದೆ. ಪಠ್ಯಪುಸ್ತಕಗಳು ಈ ಪದರದ ಪಾತ್ರಕ್ಕೆ ಕೊಡಬೇಕಾದಷ್ಟು ಮಹತ್ವ ಕೊಡುವುದಿಲ್ಲ ಎಂದು ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ಪಾತ್ರೆಯಲ್ಲಿ ನಾವು ನಿಶ್ಚಿಂತೆಯಿಂದ ನೀರು ಕಾಯಿಸುವುದೂ ಅಂಥದೇ ಪದರದ ಬಲದಿಂದ.

ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವು ಬಹಳ ಹೆಚ್ಚಿರುವ ಸೋಡಿಯಂ, ಪೊಟ್ಯಾಸಿಯಂಗಳಿಗೆ ಆಮ್ಲವೇ ಬೇಕಿಲ್ಲ: ತಣ್ಣೀರಿನೊಂದಿಗೇ ರಭಸದಿಂದ ವರ್ತಿಸಿ, ಹೈಡ್ರೋಜನ್ ಹೊರಬಿಟ್ಟು, ನೀರನ್ನು ಕ್ಷಾರೀಯವಾಗಿಸುತ್ತವೆ. ಇವನ್ನು ಆಮ್ಲಕ್ಕೆ ಹಾಕುವ ಸಾಹಸವನ್ನು ಯಾರೂ ಮಾಡಬಾರದು. ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸಿದರೂ ಹೈಡ್ರೋಜನ್ ಬರುತ್ತದೆ.

ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವಿನ ಇಳಿಕೆಯ ಕ್ರಮದಲ್ಲಿ ಲೋಹಗಳನ್ನು ಜೋಡಿಸಿದ ಪಟ್ಟಿಯಾದ ಕ್ರಿಯಾಶೀಲತಾ ಸರಣಿಯಲ್ಲಿ ತಾಮ್ರವು ಹೈಡ್ರೋಜನ್‌ಗಿಂತ ಕೆಳಗಿದೆ. ಅದರ ಎಲೆಕ್ಟ್ರಾನ್‌ಗಳನ್ನು ಹೈಡ್ರೋಜನ್ ಅಯಾನು ಕಸಿದುಕೊಳ್ಳಲಾರದು. ಸಾರೀಕೃತ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಕರಗಿ ಕಂದು ಅನಿಲ ಏಳುವುದು ನಿಜ, ಆದರೆ ಅದು ಹೈಡ್ರೋಜನ್ ಅಲ್ಲ, ನೈಟ್ರೇಟ್ ಅಯಾನುಗಳಿಂದ ಹುಟ್ಟುವ ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್.