ನಕುರುವಿನಲ್ಲಿ ಫ್ಲೆಮಿಂಗೊ ಕಾಣದಿದ್ದರೆ ಬೊಗೋರಿಯಾ ನೋಡಿ

ಕೀನ್ಯಾದ ನಕುರು ಸರೋವರಕ್ಕೆ ಹೋದರೂ ಫ್ಲೆಮಿಂಗೊ (ಉದ್ದ ಕಾಲಿನ ಗುಲಾಬಿ ಬಣ್ಣದ ನೀರುಹಕ್ಕಿ) ಹಿಂಡು ಕಾಣಲಿಲ್ಲ, ಪ್ರವಾಸ ಇನ್ನೂ ಎರಡು ದಿನ ಇದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹಿಂಡು ಸಿಗದಿರಲು ಕಾರಣ ಬಹುಶಃ ನೀರಿನ ಏರಿಕೆ. 2010ರ ನಂತರ ಅಲ್ಲಿ ನೀರು ತುಂಬಾ ಜಾಸ್ತಿಯಾಗಿ, ಅದರ ಕ್ಷಾರ ಇಳಿಯಿತು. ಹಾಗಾಗಿ ಕ್ಷಾರದ ನೀರಿನಲ್ಲಿ ಬೆಳೆಯುವ, ಫ್ಲೆಮಿಂಗೊಗಳು ತಿನ್ನುವ ಸ್ಪಿರುಲಿನಾ ಪಾಚಿಯೂ ಕಡಿಮೆಯಾಯಿತು. ಊಟ ಇಲ್ಲದ ಕಡೆ ಹಕ್ಕಿ ಯಾಕೆ ನಿಲ್ಲುತ್ತದೆ, ಅಲ್ವಾ?

ಉಳಿದ ಎರಡು ದಿನದಲ್ಲಿ ಕೀನ್ಯಾದ ಇನ್ನೊಂದು ಸರೋವರ ಬೊಗೋರಿಯಾ ನೋಡಬಹುದು. ಮೊದಲು ನಿಮ್ಮ ಡ್ರೈವರ್‌ಗೆ ಹೇಳಿ, ಅಲ್ಲಿನ ಗೈಡ್‌ಗಳಿಗೆ ಫೋನ್ ಮಾಡಿಸಿ. ಈ ವಾರ ಹಿಂಡು ಇದೆಯಾ ಎಂದು ವಿಚಾರಿಸಿ. ಇದ್ದರೆ ನಸುಕಿನಲ್ಲೇ ಹೊರಡಿ. ನಕುರು ಪಟ್ಟಣದಿಂದ ಸುಮಾರು ಎರಡು ಗಂಟೆ ದಾರಿ. ಬಿಸಿಲೇರಿದರೆ ಸೆಕೆ ಜಾಸ್ತಿ, ಫೋಟೊ ಕೂಡ ಮಸುಕಾಗುತ್ತದೆ. ದಡದ ಬುಗ್ಗೆಗಳಲ್ಲಿ ನೀರು ಕುದಿಯುತ್ತಿರುತ್ತದೆ, ಮಕ್ಕಳ ಕೈ ಬಿಡಬೇಡಿ. ಫ್ಲೆಮಿಂಗೊಗಳು ಕೆರೆಯಿಂದ ಕೆರೆಗೆ ಹಾರುತ್ತಲೇ ಇರುತ್ತವೆ. ಹಾಗಾಗಿ ಖಾತ್ರಿ ಕೊಡಲಾರೆ, ಆದರೂ ಹೆಚ್ಚು ಭರವಸೆ ಬೊಗೋರಿಯಾದಲ್ಲೇ.