ಫೋಂಡಾದಲ್ಲಿ ಕಟ್ಟಿಗೆ ಮಾರಬೇಕು, ಮಳೆಗಾಲದೊಳಗೆ ಒಣಗಿಸುವುದು ಹೇಗೆ?

ಮಾವು, ಗೇರು, ಅಕೇಶಿಯಾ ದಿಮ್ಮಿ ಸಿಗುತ್ತೆ, ಪಾವ್ ಬೇಕರಿಗಳಿಗೆ ಒಣ ಕಟ್ಟಿಗೆ ಕೊಡಬೇಕು ಅಂತ ಕೇಳಿದ್ದೀರಿ. ಗೋವಾದಲ್ಲಿ ಜೂನ್‌ಗೆ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡೋದಿಲ್ಲ. ಹಾಗಾಗಿ ನವೆಂಬರ್‌ನಲ್ಲೇ ಸೀಳಿಬಿಡಿ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ತಡವಾಯ್ತು.

ದಿಮ್ಮಿಯನ್ನು ಸುಮ್ನೆ ಹಾಗೇ ಇಟ್ಟರೆ ವರ್ಷವಾದರೂ ಒಳಗೆ ಹಸಿ ಇರುತ್ತೆ. ತೊಗಟೆ ನೀರು ಬಿಡೋದಿಲ್ಲ. ಒಂದೂವರೆ ಅಡಿಗೆ ಕೊಯ್ದು, ಮಣಿಕಟ್ಟಿನ ದಪ್ಪಕ್ಕೆ ಸೀಳಿ. ಇಟ್ಟಿಗೆ ಇಟ್ಟು, ಮೇಲೆ ಬಿದಿರು ಹಾಸಿ ಒಟ್ಟಿ. ನೆಲಕ್ಕೆ ತಾಗಿದರೆ ಗೆದ್ದಲು ಗ್ಯಾರಂಟಿ. ಮೇಲೆ ಮಾತ್ರ ತಗಡು ಹಾಕಿ, ಪಕ್ಕಕ್ಕೆ ಗಾಳಿ ಆಡಲಿ. ಟಾರ್ಪಾಲಿನ್‌ನಲ್ಲಿ ಪೂರ್ತಿ ಸುತ್ತಿ ಕಟ್ಟುವವರಿದ್ದಾರೆ. ಒಳಗೆ ಬೆವೆತು ಬೂಸ್ಟು ಹಿಡಿಯುತ್ತೆ, ಅಷ್ಟೇ.

ಒಣಗಿದ ತುಂಡಿನ ತುದಿಯಲ್ಲಿ ಬಿರುಕು ಕಾಣುತ್ತೆ. ಎರಡು ತುಂಡು ಬಡಿದರೆ ಠಣ್ ಅನ್ನಬೇಕು. ಹಸಿಯಾದರೆ ಧಬ್ ಅನ್ನುತ್ತೆ. ತೇವ 20%ಗಿಂತ ಕಡಿಮೆ ಇದ್ದರೆ ಚೆನ್ನಾಗಿ ಉರಿಯುತ್ತೆ. ತೇವ ಅಳೆಯುವ ಮೀಟರ್ ಇದ್ದರೆ ಹೊರಗೆ ಚುಚ್ಚಬೇಡಿ, ಒಂದು ತುಂಡನ್ನು ಆಗಷ್ಟೇ ಸೀಳಿ ಒಳಮೈಗೆ ಚುಚ್ಚಿ.

ತೂಕಕ್ಕೆ ಮಾರುವಾಗ ಹಸಿಯದರಲ್ಲೇ ಜಾಸ್ತಿ ಲಾಭ ಅನ್ನಿಸುತ್ತೆ, ಅಲ್ವಾ? ಒಲೆಯಲ್ಲಿ ನೊರೆ ಉಕ್ಕಿ ಹೊಗೆ ತುಂಬಿದರೆ ಬೇಕರಿಯವರು ಮತ್ತೆ ಫೋನ್ ಮಾಡೋದಿಲ್ಲ.

ಇನ್ನೊಂದು ವಿಷಯ. ಗೋವಾದಲ್ಲಿ 1984ರ ಮರ ಸಂರಕ್ಷಣೆ ಕಾನೂನಿದೆ. ಸ್ವಂತ ಜಾಗದ ಮರ ಕಡಿಯಲೂ ಸಾಮಾನ್ಯವಾಗಿ ಮೊದಲೇ ಅರಣ್ಯ ಇಲಾಖೆಯ ಅನುಮತಿ ಬೇಕು. ದಿಮ್ಮಿ ಕೊಳ್ಳುವಾಗಲೂ ಆ ಕಾಗದದ ಪ್ರತಿ ಇಸಿದುಕೊಳ್ಳಿ.